ಕಲಬುರಗಿಯ ಬೇಸಿಗೆಯಲ್ಲಿ ಆಫ್ರಿಕನ್ ವಯಲೆಟ್: ಮಣ್ಣು ಹಸಿಯಿದ್ದರೂ ಎಲೆ ಜೋಲುವುದೇಕೆ?

ಕಿಟಕಿತೋಟ, ಕಲಬುರಗಿ

ಬಳಗದ ಎಲ್ಲರಿಗೂ ಶರಣು. ಮಗಳು ಬೆಂಗಳೂರಿನಿಂದ ತಂದುಕೊಟ್ಟ ಮೂರು ಆಫ್ರಿಕನ್ ವಯಲೆಟ್ ಗಿಡಗಳು ನಮ್ಮ ಮನೆಯ ಉತ್ತರದ ಕಿಟಕಿಯಲ್ಲಿವೆ. ಚಳಿಗಾಲದುದ್ದಕ್ಕೂ ಒಂದರ ಹಿಂದೆ ಒಂದು ಗೊಂಚಲು ಬಿಟ್ಟು, ಬಂದವರೆಲ್ಲ ಹೆಸರು ಕೇಳಿಕೊಂಡು ಹೋಗುವಂತೆ ಇದ್ದ ಇವು ಮಾರ್ಚ್ ಕೊನೆಗೆ ಹೂವು ನಿಲ್ಲಿಸಿದವು. ಈಗ ಏಪ್ರಿಲ್ ನಡುವಿನಲ್ಲಿ ಎಲೆಗಳೆಲ್ಲ ಕುಂಡದ ಅಂಚಿನ ಮೇಲೆ ಜೋತುಬಿದ್ದಿವೆ, ಆದರೆ ಮಣ್ಣನ್ನು ಮುಟ್ಟಿ ನೋಡಿದರೆ ಹಸಿಯಾಗಿಯೇ ಇದೆ. ಕೆಲವು ಎಲೆಗಳ ಮೇಲೆ ಬಿಳಿಚಿದ ಉಂಗುರದಂಥ ಗುರುತುಗಳು ಮೂಡಿವೆ. ಕುಂಡದ ಅಂಚಿಗೆ ಬಿಳಿಯ ಪುಡಿ ಕಟ್ಟಿದ್ದು, ಅದಕ್ಕೆ ತಾಗಿದ ಎಲೆತೊಟ್ಟುಗಳು ಕಂದುಬಣ್ಣಕ್ಕೆ ತಿರುಗಿವೆ. ನಮ್ಮದು ಕೊಳವೆಬಾವಿಯ ನೀರು. ಬಿಸಿಲು ಹೆಚ್ಚೆಂದು ಈಚೆಗೆ ಮಣ್ಣಿನ ಕೊಡದಲ್ಲಿ ತಣ್ಣಗಾದ ನೀರನ್ನು ಹಾಕುತ್ತಿದ್ದೇನೆ. ನೀರನ್ನು ಇನ್ನೂ ಹೆಚ್ಚಿಸಬೇಕೆ, ಕಡಿಮೆ ಮಾಡಬೇಕೆ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಜಂಬಿಟ್ಟಿಗೆ, ಬೀದರ್

ಶರಣು ಅಕ್ಕನವರೇ. ನೀರನ್ನು ಇವತ್ತೇ ನಿಲ್ಲಿಸಿ. ಹಸಿ ಮಣ್ಣಿನಲ್ಲಿ ನಿಂತ ಗಿಡ ಬಾಡುತ್ತಿದೆಯೆಂದರೆ ಬೇರು ನೀರನ್ನು ಎತ್ತುತ್ತಿಲ್ಲ ಎಂದೇ ಅರ್ಥ, ಮತ್ತು ಆ ಬೇರಿಗೆ ಇನ್ನಷ್ಟು ನೀರು ಕೊಟ್ಟಷ್ಟೂ ಅದು ಬೇಗ ಕೊಳೆಯುತ್ತದೆ.

ಈ ಗಿಡಕ್ಕೆ ಒಗ್ಗುವ ಉಷ್ಣಾಂಶ 18ರಿಂದ 27 ಡಿಗ್ರಿ ಸೆಲ್ಸಿಯಸ್. 30 ದಾಟಿದ ಮೇಲೆ ಅದು ಬೆಳವಣಿಗೆಯನ್ನೂ ಹೂವನ್ನೂ ಕೈಬಿಟ್ಟು ಜೀವ ಹಿಡಿದುಕೊಂಡಿರಲು ನೋಡುತ್ತದೆ. ಎಲೆಯ ರಂಧ್ರಗಳು ಮುಚ್ಚಿಕೊಳ್ಳುವುದರಿಂದ ನೀರಿನ ಎಳೆತ ತಗ್ಗುತ್ತದೆ, ಹಾಗಾಗಿ ಚಳಿಗಾಲದಲ್ಲಿ ನಾಲ್ಕು ದಿನಕ್ಕೆ ಒಣಗುತ್ತಿದ್ದ ಕುಂಡ ಬಿರುಬೇಸಿಗೆಯಲ್ಲಿ ಒಳಗೆ ಹಸಿಯಾಗಿಯೇ ಉಳಿಯಬಹುದು. ಕಾವೇರಿದ ಬೇರಿಗೆ ಉಸಿರಾಡಲು ಹೆಚ್ಚು ಆಮ್ಲಜನಕ ಬೇಕು, ಆದರೆ ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಕಡಿಮೆ. ಪಿಥಿಯಂನಂಥ ಬೇರುಕೊಳೆ ರೋಗಾಣುಗಳಿಗೆ ಬೇಕಾಗಿರುವುದೂ ಇಂಥ ಬೆಚ್ಚನೆಯ ಕೆಸರೇ. ನಮ್ಮ ಕಡೆ ಈ ಗಿಡ ಬಿಸಿಲಿಗೆ ಸತ್ತಿತು ಎಂದು ಹೇಳುವ ಹತ್ತರಲ್ಲಿ ಎಂಟು ಸಲ ಅದು ಬಿಸಿಲಿಗೆ ಹೆದರಿ ಹಾಕಿದ ನೀರಿಗೆ ಸತ್ತಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಗಿಡವನ್ನು ಕುಂಡದಿಂದ ಹೊರತೆಗೆದು ನೋಡಿ. ಬೇರುಗಳು ಬೆಳ್ಳಗೆ ಗಟ್ಟಿಯಾಗಿದ್ದರೆ ಹಳೆಯ ದಿನಪತ್ರಿಕೆಯ ಮೇಲೆ ಮಣ್ಣಿನುಂಡೆಯನ್ನು ಸ್ವಲ್ಪ ಹೊತ್ತು ಇಟ್ಟು, ಹೆಚ್ಚುವರಿ ನೀರು ಹೀರಿಸಿ, ಮತ್ತೆ ಕುಂಡದಲ್ಲಿ ಕೂರಿಸಿದರೆ ಸಾಕು. ಕಂದುಬಣ್ಣಕ್ಕೆ ತಿರುಗಿ, ಹಿಡಿದೆಳೆದರೆ ಸಿಪ್ಪೆ ಕಳಚಿ ನಾರು ಮಾತ್ರ ಕೈಗೆ ಬಂದರೆ, ಕೊಳೆತ ಭಾಗವನ್ನೆಲ್ಲ ಕತ್ತರಿಸಬೇಕು. ಆಗ ಕಾಂಡದ ಒಳಭಾಗ ಹಸಿರುಮಿಶ್ರಿತ ಬಿಳಿಯಾಗಿ ಕಾಣುವವರೆಗೂ ಮೇಲಕ್ಕೆ ಕತ್ತರಿಸುತ್ತ ಹೋಗಿ. ಸುಳಿ ಮೃದುವಾಗಿ ಕಪ್ಪಾಗಿದ್ದರೆ ಆ ಗಿಡದ ಆಸೆ ಬಿಟ್ಟು, ಎಲೆಯಿಂದಲೇ ಹೊಸ ಗಿಡ ಬೆಳೆಸಲು ಒಳ್ಳೆಯ ಎರಡು ಎಲೆ ತೆಗೆದುಕೊಳ್ಳಿ.

ಉಂಗುರದ ಗುರುತಿಗೆ ಕಾರಣ ಆ ಕೊಡದ ನೀರು. ಎಲೆಗಿಂತ ಎಂಟು ಹತ್ತು ಡಿಗ್ರಿ ತಣ್ಣಗಿರುವ ನೀರು ಎಲೆಯ ಮೇಲೆ ಬಿದ್ದರೆ ಮೇಲ್ಪದರದ ಕೆಳಗಿನ ಜೀವಕೋಶಗಳಲ್ಲಿ ಹರಿತ್ತು ಹಾಳಾಗಿ, ಹನಿ ಹರಿದ ದಾರಿಯಲ್ಲೇ ಆ ಬಿಳಿಚು ಗುರುತು ಉಳಿಯುತ್ತದೆ. ಕೋಣೆಯಲ್ಲೇ 36 ಡಿಗ್ರಿ ಇರುವಾಗ ಕೊಡದ ನೀರು ಅಷ್ಟು ತಣ್ಣಗಿರುವುದು ಸಹಜ. ಹಾಗೆಂದು ನಡು ಮಧ್ಯಾಹ್ನ ಮೇಲ್ತೊಟ್ಟಿಯಿಂದ ನಲ್ಲಿಗೆ ಬರುವ ಕಾದ ನೀರನ್ನೂ ಹಾಕಬಾರದು. ರಾತ್ರಿಯೇ ಒಂದು ತಂಬಿಗೆ ನೀರನ್ನು ಗಿಡದ ಪಕ್ಕದಲ್ಲಿಟ್ಟು ಬೆಳಗ್ಗೆ ಬಳಸಿ. ಗುರುತು ಬಿದ್ದ ಎಲೆ ಮತ್ತೆ ಸರಿಯಾಗುವುದಿಲ್ಲ, ಆದರೆ ಅದರಿಂದ ಗಿಡಕ್ಕೆ ಅಪಾಯವೂ ಇಲ್ಲ.

ತೊಗರಿಹೊಲ, ಸೇಡಂ

ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲ, ಆದರೂ ಕೇಳುತ್ತೇನೆ. ಮೇ ತಿಂಗಳಲ್ಲಿ ಮನುಷ್ಯರೇ ಕೂಲರಿನ ಮುಂದಿನಿಂದ ಏಳಲಾರದ ಊರಿನಲ್ಲಿ, ಆಫ್ರಿಕಾದ ತಂಪು ಬೆಟ್ಟಗಳ ಗಿಡವನ್ನು ಕಿಟಕಿಯಲ್ಲಿಟ್ಟು ಸಂಕಟಪಡುವುದೇಕೆ? ದುಂಡುಮಲ್ಲಿಗೆ, ಕಣಗಿಲೆ, ದಾಸವಾಳಗಳು ಹೇಳದೆ ಕೇಳದೆ ಬೆಳೆಯುತ್ತವೆ.

ನೆರಳುಪಡಸಾಲೆ, ಕಲಬುರಗಿ

ತೊಗರಿಹೊಲ ಅಣ್ಣನವರ ಪ್ರಶ್ನೆ ನ್ಯಾಯವಾದದ್ದೇ, ಆದರೆ ಕಣಗಿಲೆಯನ್ನು ಪಡಸಾಲೆಯ ಒಳಗೆ ಮೇಜಿನ ಮೇಲೆ ಬೆಳೆಸಲಾಗದು. ಬಿಸಿಲೇ ಬೀಳದ ಕೋಣೆಯಲ್ಲಿ ಹೂ ಬಿಡುವ ಗಿಡಗಳು ಬಹಳಿಲ್ಲ, ಅಂಥವುಗಳಲ್ಲಿ ಇದು ಒಂದು.

ಇದರ ಮೂಲಸ್ಥಾನವನ್ನೂ ಸ್ವಲ್ಪ ನೋಡೋಣ. ಇಂದಿನ ಟಾಂಜಾನಿಯಾದ ಉಸಂಬರಾ ಬೆಟ್ಟಸಾಲಿನಲ್ಲಿ, ಆಗ ಅಲ್ಲಿ ಜರ್ಮನ್ ಆಡಳಿತದ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬಾತ 1892ರ ಸುಮಾರಿಗೆ ಇದನ್ನು ಕಂಡು ಜರ್ಮನಿಯಲ್ಲಿದ್ದ ತಂದೆಗೆ ಕಳುಹಿಸಿದ. ಹ್ಯಾನೋವರಿನ ಹೆರೆನ್‌ಹೌಸೆನ್ ಸಸ್ಯೋದ್ಯಾನದ ಹೆರ್ಮನ್ ವೆಂಡ್‌ಲಾಂಡ್ 1893ರಲ್ಲಿ ಇದಕ್ಕೆ ಸೇಂಟ್‌ಪೌಲಿಯಾ ಅಯೊನಾಂತಾ ಎಂದು ಹೆಸರಿಟ್ಟ. ವಂಶವಾಹಿ ಅಧ್ಯಯನಗಳ ನಂತರ 2015ರಲ್ಲಿ ಇದನ್ನು ಸ್ಟ್ರೆಪ್ಟೊಕಾರ್ಪಸ್ ಕುಲಕ್ಕೆ ಸೇರಿಸಲಾಗಿದೆ. ನಮಗೆ ಮುಖ್ಯವಾದದ್ದು ಅದು ಅಲ್ಲಿ ಬೆಳೆಯುವ ಬಗೆ. ಕಾಡಿನ ನೆರಳಿನಲ್ಲಿ, ಪಾಚಿ ಹಿಡಿದ ಬಂಡೆಗಳ ಬಿರುಕಿನಲ್ಲಿ, ಒಂದು ಹಿಡಿ ಎಲೆಗೊಬ್ಬರದಲ್ಲಿ ಅದರ ಬೇರು ಮೇಲ್ಮೇಲೆ ಹರಡಿರುತ್ತದೆ. ತೇವವಾದ ಗಾಳಿ ಸದಾ ಇರುತ್ತದೆ, ನಿಂತ ನೀರು ಎಂದೂ ಇರುವುದಿಲ್ಲ. ನಮ್ಮ ಎರೆಮಣ್ಣು ಇದಕ್ಕೆ ನೇರ ವಿರುದ್ಧ. ಅದನ್ನು ಒಂದು ಚಿಟಿಕೆಯೂ ಬೆರೆಸಬೇಡಿ.

ಇನ್ನು ಕಿಟಕಿಯ ವಿಷಯ. ಭೂಗೋಳ ಪಾಠ ಮಾಡಿದವನಾದ್ದರಿಂದ ಇಲ್ಲಿ ಸ್ವಲ್ಪ ದೀರ್ಘವಾಗಿ ಬರೆದರೆ ಮನ್ನಿಸಬೇಕು. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ, ದಕ್ಷಿಣದ ಕಿಟಕಿ ಸುಡುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಕರ್ಕಾಟಕ ಸಂಕ್ರಾಂತಿ ವೃತ್ತದಿಂದಾಚೆಗಿನ ಅಮೆರಿಕ, ಯುರೋಪುಗಳಿಗೆ ಬಹುಮಟ್ಟಿಗೆ ಸರಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ ಮೊದಲ ವಾರದವರೆಗೂ ನಡುಹಗಲಿನಲ್ಲಿ ಉತ್ತರದ ಕಡೆಗೇ ಇರುತ್ತಾನೆ. ಮಾರ್ಚ್ ಕೊನೆಯಿಂದಲೇ ಅವನು ಹುಟ್ಟುವುದೂ ಮುಳುಗುವುದೂ ನೇರ ಪೂರ್ವಪಶ್ಚಿಮಕ್ಕಿಂತ ಉತ್ತರಕ್ಕೆ ಸರಿದಿರುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಬೀಳುತ್ತದೆ, ಅದರಲ್ಲಿ ಸಂಜೆಯದು ಎಲೆಯ ಅಂಚನ್ನು ಸುಡುವಷ್ಟು ಕಾವಿನದು. ಅದೇ ಹೊತ್ತಿಗೆ ಮೇಲೆ ಸಣ್ಣದೊಂದು ಸಜ್ಜಾ ಇರುವ ದಕ್ಷಿಣದ ಕಿಟಕಿ ಮೇ, ಜೂನ್, ಜುಲೈನಲ್ಲಿ ನೆರಳಿನಲ್ಲಿರುತ್ತದೆ, ಡಿಸೆಂಬರಿನಲ್ಲಿ ಮಾತ್ರ ಅದರೊಳಗೆ ಬಿಸಿಲು ಆಳವಾಗಿ ಬರುತ್ತದೆ. ಕಿಟಕಿತೋಟ ಅಕ್ಕನವರು ಏಪ್ರಿಲಿನಿಂದ ಜುಲೈವರೆಗೆ ಗಿಡಗಳನ್ನು ಕಿಟಕಿಯಿಂದ ಮೂರು ನಾಲ್ಕು ಅಡಿ ಒಳಕ್ಕೆ ತರಬೇಕು, ಇಲ್ಲವೆ ಬಿಳಿ ಪರದೆ ಹಾಕಬೇಕು. ಪಶ್ಚಿಮದ ಕಿಟಕಿಯನ್ನು ವರ್ಷದ ಯಾವ ಕಾಲದಲ್ಲೂ ನಂಬಬೇಡಿ.

ಬೆಳಕು ಸಾಕೋ ಬೇಡವೋ ಎಂಬುದನ್ನು ಗಿಡವೇ ಹೇಳುತ್ತದೆ. ಸಾಲದಿದ್ದರೆ ಎಲೆತೊಟ್ಟುಗಳು ಉದ್ದವಾಗಿ ಬೆಳಕಿನತ್ತ ಮೇಲೇಳುತ್ತವೆ, ಅತಿಯಾದರೆ ನಡುವಿನ ಎಲೆಗಳು ಬಣ್ಣಗೆಟ್ಟು ಬಿಗಿದುಕೊಳ್ಳುತ್ತವೆ.

ಕಿಟಕಿತೋಟ, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಮೂರನ್ನೂ ಹೊರತೆಗೆದು ನೋಡಿದೆ. ಗುಲಾಬಿ ಮತ್ತು ಬಿಳಿ ಹೂವಿನ ಗಿಡಗಳ ಬೇರುಗಳು ಬೆಳ್ಳಗಿವೆ. ನೇರಳೆ ಗಿಡದ ಬೇರುಗಳು ಜಂಬಿಟ್ಟಿಗೆಯವರು ಹೇಳಿದ ಹಾಗೆಯೇ ಕೈಗೆ ಕಳಚಿ ಬಂದವು. ಸುಳಿ ಗಟ್ಟಿಯಾಗಿದೆ, ಕಾಂಡವನ್ನು ಅರ್ಧ ಅಂಗುಲ ಕತ್ತರಿಸಿದ ಮೇಲೆ ಶುದ್ಧ ಭಾಗ ಸಿಕ್ಕಿತು. ಇದನ್ನು ಈಗ ಯಾವುದರಲ್ಲಿ ನೆಡಬೇಕು? ಬಿಳಿಯ ಪುಡಿಗೆ ಏನು ಮಾಡಬೇಕು?

ಜಂಬಿಟ್ಟಿಗೆ, ಬೀದರ್

ಹೊರಸುತ್ತಿನ ದೊಡ್ಡ ಎಲೆಗಳನ್ನೆಲ್ಲ ತೆಗೆದು ನಡುವಿನ ಐದಾರು ಎಲೆಗಳನ್ನು ಮಾತ್ರ ಉಳಿಸಿ. ಬೇರಿಲ್ಲದ ಕಾಂಡ ಅದಕ್ಕಿಂತ ಹೆಚ್ಚನ್ನು ಸಾಕಲಾರದು. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟನ್ನು (ಮಣ್ಣನ್ನು ಸಡಿಲವಾಗಿಡುವ ಹಗುರವಾದ ಬಿಳಿ ಹರಳು) ಸಮಪಾಲು ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವ ಮಾಡಿ, ಸಣ್ಣ ಕುಂಡದಲ್ಲಿ ನೆಡಿ. ಅದನ್ನು ಪಾರದರ್ಶಕ ಡಬ್ಬಿಯೊಳಗಿಟ್ಟು ಮುಚ್ಚಿ, ಬಿಸಿಲು ಸುಳಿಯದ, ಮನೆಯಲ್ಲೇ ಅತ್ಯಂತ ತಂಪಾದ ಬೆಳಕಿನ ಜಾಗದಲ್ಲಿಡಿ. ಮುಚ್ಚಿದ ಡಬ್ಬಿಗೆ ಹತ್ತು ನಿಮಿಷ ಬಿಸಿಲು ತಗುಲಿದರೂ ಒಳಗಿನ ಗಿಡ ಬೆಂದುಹೋಗುತ್ತದೆ. ಒಂದು ತಿಂಗಳಲ್ಲಿ ಹೊಸ ಬೇರು ಬರಬೇಕು. ಅದರ ಜೊತೆಗೆ, ತೆಗೆದ ಎಲೆಗಳಲ್ಲಿ ಆರೋಗ್ಯವಾದ ಎರಡನ್ನು ಒಂದೂವರೆ ಅಂಗುಲ ತೊಟ್ಟು ಉಳಿಸಿ, ಓರೆಯಾಗಿ ಕತ್ತರಿಸಿ, ಅದೇ ಮಿಶ್ರಣದಲ್ಲಿ ಊರಿ.

ಕೋಕೋಪೀಟನ್ನು ತೊಳೆಯದೆ ಬಳಸಬೇಡಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ. ನಾಲ್ಕಾರು ನೀರು ಬದಲಿಸಿ ಹಿಂಡಿದ ಮೇಲೆಯೇ ಅದು ಈ ನಯವಾದ ಬೇರಿಗೆ ಯೋಗ್ಯವಾಗುತ್ತದೆ. ಕುಂಡದ ಅಗಲ ಗಿಡದ ಎಲೆಹರವಿನ ಮೂರನೇ ಒಂದು ಪಾಲು ಇದ್ದರೆ ಸಾಕು. ಹನ್ನೆರಡು ಅಂಗುಲ ಹರಡಿದ ಗಿಡಕ್ಕೂ ನಾಲ್ಕು ಅಂಗುಲದ ಕುಂಡವೇ. ದೊಡ್ಡ ಕುಂಡ ಕೊಟ್ಟರೆ ಬೇರು ಮುಟ್ಟದ ಮಣ್ಣು ಹಸಿಯಾಗಿ ಉಳಿದು ಮತ್ತೆ ಇದೇ ಕಥೆಯಾಗುತ್ತದೆ.

ಶಹಾಬಾದಿಕಲ್ಲು, ಕಲಬುರಗಿ

ಬಿಳಿಯ ಪುಡಿಯ ಬಗ್ಗೆ ನಾನು ಹೇಳುತ್ತೇನೆ. ಸೇಡಂ, ಚಿತ್ತಾಪುರ, ಶಹಾಬಾದ್ ಎಂದರೆ ಸುಣ್ಣದಕಲ್ಲಿನ ಸೀಮೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಕಲ್ಲೂ ಅದೇ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳ ಮೂಲವೂ ಅದೇ, ಆ ಕಲ್ಲಿನ ಸಂದಿನಿಂದ ಬರುವ ಕೊಳವೆಬಾವಿಯ ನೀರಿನಲ್ಲಿ ಕರಗಿರುವುದೂ ಅದೇ. ಬೇಸಿಗೆಯಲ್ಲಿ ಕುಂಡದಿಂದ ನೀರು ಬೇಗ ಆವಿಯಾದಂತೆ ಸುಣ್ಣದಂಶ ಮತ್ತು ಗೊಬ್ಬರದ ಲವಣ ಅಂಚಿನಲ್ಲಿ ಕೂಡುತ್ತವೆ. ಅದರ ಮೇಲೆ ಒರಗಿದ ತೊಟ್ಟು ಸುಟ್ಟು ಕೊಳೆಯುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೇಗ ಬೀಳುವುದಿಲ್ಲ. ಈ ಗಿಡಕ್ಕೆ 6ರಿಂದ 6.8ರವರೆಗಿನ ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, ಒಗ್ಗುತ್ತದೆ. ಗಡಸು ನೀರಿನಿಂದ ಅದು 7ನ್ನು ಮೀರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದೆ ಸುಳಿಯ ಎಳೆಯ ಎಲೆಗಳು ಹಳದಿಯಾಗುತ್ತವೆ.

ಅಂಚನ್ನು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಮಣ್ಣಿನ ಕುಂಡಕ್ಕಿಂತ ಪ್ಲಾಸ್ಟಿಕ್ ಕುಂಡದಲ್ಲಿ ಈ ಪುಡಿ ಕಡಿಮೆ. ನೀರನ್ನು ಕುದಿಸಿ ಒಂದು ರಾತ್ರಿ ಇಟ್ಟರೆ ಗಡಸಿನ ಒಂದು ಪಾಲು ಪಾತ್ರೆಯ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಸಿದು ಬಳಸಬಹುದು. ಆರ್‌ಓ ನೀರು ಒಳ್ಳೆಯದೇ, ಆದರೆ ಅದರಲ್ಲಿ ಖನಿಜಾಂಶ ಹೆಚ್ಚುಕಡಿಮೆ ಇರುವುದಿಲ್ಲವಾದ್ದರಿಂದ ಗೊಬ್ಬರವನ್ನು ಮರೆಯಬಾರದು. ಉಪ್ಪು ಹಾಕಿ ನೀರನ್ನು ಮೆದುಗೊಳಿಸುವ ಯಂತ್ರ ಮನೆಯಲ್ಲಿದ್ದರೆ ಆ ನೀರು ಮಾತ್ರ ಬೇಡ, ಸುಣ್ಣ ಹೋಗಿ ಸೋಡಿಯಂ ಬಂದಿರುತ್ತದೆ. ಜುಲೈನಿಂದ ಸೆಪ್ಟೆಂಬರಿನವರೆಗೆ ಮಳೆನೀರು ಹಿಡಿದಿಟ್ಟುಕೊಳ್ಳುವುದು ಇವೆಲ್ಲಕ್ಕಿಂತ ಮೇಲು. ಮೊದಲ ಮಳೆಯ ನೀರು ಮಾಳಿಗೆಯ ಧೂಳಿನೊಂದಿಗೆ ಹರಿದುಹೋಗಲಿ, ಆಮೇಲಿನದನ್ನು ಹಿಡಿಯಿರಿ.

ಭೀಮಾತೀರ, ಯಾದಗಿರಿ

ನಮ್ಮಲ್ಲಿ ಸೆಕೆ ಕಲಬುರಗಿಗಿಂತ ಕಡಿಮೆಯೇನಿಲ್ಲ, ಆದರೂ ನಮ್ಮ ಗಿಡಗಳು ಬೇಸಿಗೆ ಕಳೆಯುತ್ತವೆ. ಅದಕ್ಕೆ ಎರಡು ಕಾರಣಗಳನ್ನು ಕೊಡಬಲ್ಲೆ.

ಮೊದಲನೆಯದು ಕೂಲರ್. ನಮ್ಮ ಬೇಸಿಗೆ ಬಿಸಿ ಮಾತ್ರವಲ್ಲ, ಒಣ ಬಿಸಿ. ಈ ಗಿಡಕ್ಕೆ ಶೇಕಡ 50ರಿಂದ 60ರಷ್ಟು ತೇವಾಂಶ ಬೇಕಿರುವಾಗ ಮಧ್ಯಾಹ್ನದ ಗಾಳಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಏರ್ ಕಂಡಿಷನರ್ ಕೋಣೆಯನ್ನು ತಂಪು ಮಾಡುತ್ತ ಇದ್ದ ತೇವವನ್ನೂ ಹೀರುತ್ತದೆ. ಕೂಲರಿನ ಹುಲ್ಲಿನ ಪರದೆಯ ಮೂಲಕ ಬರುವ ಗಾಳಿ ತಂಪಾಗಿಯೂ ತೇವವಾಗಿಯೂ ಇರುತ್ತದೆ. ಹಾಗಾಗಿ ಕೂಲರ್ ಇರುವ ಕೋಣೆಯ ಮೂಲೆ ಈ ಗಿಡಕ್ಕೆ ಸರಿಯಾದ ಜಾಗ, ಗಾಳಿ ಮಾತ್ರ ನೇರವಾಗಿ ಬಡಿಯಬಾರದು, ತುಂತುರು ಹಾರಬಾರದು. ಗಡಸು ನೀರಿನ ತುಂತುರು ರೋಮಭರಿತ ಎಲೆಯ ಮೇಲೆ ಬಿದ್ದರೆ ಸುಣ್ಣದ ಚುಕ್ಕೆಗಳು ಉಳಿಯುತ್ತವೆ. ನೆಲಕ್ಕೆ ಶಹಾಬಾದಿ ಕಲ್ಲು ಇದ್ದರೆ ಮೇಜಿನ ಮೇಲಿನ ಗಿಡವನ್ನು ನೆಲಕ್ಕಿಳಿಸಿ, ಅಲ್ಲಿ ಗಾಳಿ ತಂಪು. ಸಿಮೆಂಟು ಮಾಳಿಗೆಯ ಕೆಳಗಿನ ಮೇಲಂತಸ್ತಿನ ಕೋಣೆ ರಾತ್ರಿಯೂ ಕಾವು ಬಿಡುವುದರಿಂದ ನೆಲಮನೆಯ ಒಳಕೋಣೆಯೇ ಮೇಲು.

ಎರಡನೆಯದು, ಹಗಲುರಾತ್ರಿಗಳನ್ನು ಅದಲುಬದಲು ಮಾಡುವುದು. ಕಿಟಕಿಯನ್ನೇ ನೆಚ್ಚದೆ, ಒಳಕೋಣೆಯಲ್ಲಿ ಸಾಮಾನ್ಯ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬನ್ನು ಗಿಡಕ್ಕಿಂತ ಒಂದಡಿ ಮೇಲೆ ಕಟ್ಟಿ, ಸಂಜೆ ಎಂಟರಿಂದ ಬೆಳಗ್ಗೆ ಎಂಟರವರೆಗೆ ಉರಿಸುತ್ತೇವೆ. ಗಿಡ ಬೆಳಕಿನಲ್ಲಿ ದುಡಿಯುವ ಹೊತ್ತು ರಾತ್ರಿಯ ತಂಪಿಗೆ ಬೀಳುತ್ತದೆ, ಮಧ್ಯಾಹ್ನದ ಕಾವಿನಲ್ಲಿ ಅದು ಕತ್ತಲೆಯಲ್ಲಿ ವಿಶ್ರಮಿಸುತ್ತದೆ. ಹೂ ಬಿಡುವ ಈ ಗಿಡಕ್ಕೆ ದಿನಕ್ಕೆ ಎಂಟು ಗಂಟೆಯಾದರೂ ಕತ್ತಲೆ ಬೇಕೇ ಬೇಕು. ಅದು ರಾತ್ರಿಯೇ ಆಗಬೇಕೆಂಬ ನಿಯಮವಿಲ್ಲ.

ಶಹಾಪುರ, ಸುರಪುರದ ಕಾಲುವೆ ಸೀಮೆಯಲ್ಲಿ ಭತ್ತದ ಹೊಟ್ಟು ಬೇಕಾದಷ್ಟು ಸಿಗುವುದರಿಂದ, ಪರ್ಲೈಟ್ ಸಿಗದವರು ಕರಿಯಾಗಿ ಸುಟ್ಟ ಹೊಟ್ಟನ್ನು ಬಳಸಬಹುದು ಎಂಬುದನ್ನೂ ಸೇರಿಸುತ್ತೇನೆ.

ಶಹಾಬಾದಿಕಲ್ಲು, ಕಲಬುರಗಿ

ಸುಟ್ಟ ಹೊಟ್ಟಿಗೆ ನನ್ನ ಅರ್ಧ ಒಪ್ಪಿಗೆ. ಅದು ಮಣ್ಣನ್ನು ಸಡಿಲವಾಗಿಡುವುದು ನಿಜ, ಆದರೆ ಅದೇ ಕ್ಷಾರಗುಣದ ವಸ್ತು. ಮಳೆನೀರು ಹಾಕುವವರು ತೊಳೆದ ಹೊಟ್ಟನ್ನು ಐದನೇ ಒಂದು ಪಾಲು ಬೆರೆಸಲಿ. ಕೊಳವೆಬಾವಿಯ ನೀರು ಹಾಕುವವರು ಅದನ್ನೂ ಸೇರಿಸಿದರೆ ಪಿಎಚ್ ಎರಡು ಕಡೆಯಿಂದ ಏರುತ್ತದೆ. ಬೆಳ್ಳಗೆ ಬೂದಿಯಾಗುವಷ್ಟು ಸುಟ್ಟದ್ದನ್ನಂತೂ ಯಾರೂ ಬಳಸಬೇಡಿ.

ತೊಗರಿಹೊಲ, ಸೇಡಂ

ನನ್ನ ಮಾತಿಗೆ ಇಷ್ಟು ವಿವರವಾದ ಉತ್ತರ ಬಂದದ್ದಕ್ಕೆ ಸಂತೋಷ. ನನಗೆ ಈ ಗಿಡ ಸಾಕುವ ಮನಸ್ಸು ಇನ್ನೂ ಬಂದಿಲ್ಲ. ಆದರೆ ನನ್ನ ಸೊಸೆ ಒಂದನ್ನು ತರಿಸಿದ್ದಾಳೆ. ತೊಗರಿಗೆ ಸಿಂಪಡಿಸಲು ತಂದ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನದು) ಮನೆಯಲ್ಲಿದೆ. ಅದನ್ನೇ ಇದಕ್ಕೂ ಕೊಡಬಹುದೇ?

ಜಂಬಿಟ್ಟಿಗೆ, ಬೀದರ್

ಕೊಡಬಹುದು ಅಣ್ಣನವರೇ, ಆದರೆ ಹೊಲದ ಲೆಕ್ಕದಲ್ಲಿ ಅಲ್ಲ. ಲೀಟರಿಗೆ ಕಾಲು ಗ್ರಾಂ ಮೀರಬಾರದು. ಅದರಲ್ಲಿರುವ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದ್ದು, ಈ ಗಿಡದ ಬೇರಿಗೆ ಯೂರಿಯಾ ಅಷ್ಟು ಹಿತವಲ್ಲ. ಸಾರಜನಕವೆಲ್ಲ ನೈಟ್ರೇಟ್ ಮತ್ತು ಅಮೋನಿಯಂ ರೂಪದಲ್ಲಿರುವ ಗೊಬ್ಬರ ಸಿಕ್ಕರೆ ಅದನ್ನೇ ಆರಿಸಿ. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ. ತಿಂಗಳಿಗೊಮ್ಮೆ ಬರಿಯ ನೀರನ್ನು ಮೇಲಿನಿಂದ ಧಾರಾಳವಾಗಿ ಹಾಯಿಸಿ, ತಟ್ಟೆಗೆ ಇಳಿದದ್ದನ್ನು ಚೆಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಗೊಬ್ಬರ ಪೂರ್ಣ ಬಂದ್, ಏಕೆಂದರೆ ಬೆಳೆಯದ ಗಿಡಕ್ಕೆ ಹಾಕಿದ್ದೆಲ್ಲ ಲವಣವಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಬಂದ ಮೊಗ್ಗನ್ನೂ ಆಗ ಚಿವುಟಿಹಾಕಿ.

ನಮ್ಮ ಬೀದರ್ ಎತ್ತರದಲ್ಲಿರುವುದರಿಂದ ಬೇಸಿಗೆಯ ರಾತ್ರಿಗಳು ನಿಮಗಿಂತ ಹಿತ, ಆದರೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. 15ರ ಕೆಳಗೆ ಗಿಡ ಮುದುಡುವುದರಿಂದ ಆಗ ಕಿಟಕಿಯ ಗಾಜಿಗೆ ಎಲೆ ತಾಗದಂತೆ ಒಳಗೆ ತರುತ್ತೇವೆ. ನಿಮಗೆ ಆ ಚಿಂತೆ ಕಡಿಮೆ. ಬುಡದಲ್ಲಿ ಎಲೆ ಉದುರಿ ಬೋಳುಕತ್ತು ಕಾಣುವ ಗಿಡವನ್ನು ಆಳಕ್ಕೆ ಮರುನೆಡಲು ಕಲಬುರಗಿಯಲ್ಲಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಸರಿಯಾದ ಕಾಲ.

ಓದುಗಳು, ಹುಮನಾಬಾದ್

ಬತ್ತಿಯ ಮೂಲಕ ನೀರು ಕೊಡುವ ವಿಧಾನ ನಮ್ಮ ಬೇಸಿಗೆಗೆ ಆಗುತ್ತದೆಯೇ? ಮನೆಯಲ್ಲಿ ಬೆಕ್ಕಿದೆ, ಎಲೆ ತಿಂದರೆ ಅಪಾಯವೇ? ಮತ್ತು ಕಿಟಕಿತೋಟದವರು ಗುಲಾಬಿ ಗಿಡದ ಒಂದು ಎಲೆಯನ್ನು ಅಂಚೆಯಲ್ಲಿ ಕಳುಹಿಸಲು ಸಾಧ್ಯವೇ?

ಭೀಮಾತೀರ, ಯಾದಗಿರಿ

ಬೆಕ್ಕಿಗೂ ನಾಯಿಗೂ ಈ ಗಿಡ ವಿಷವಲ್ಲ, ನಿಶ್ಚಿಂತರಾಗಿರಿ. ಬತ್ತಿಗೆ ಹತ್ತಿಯ ದಾರ ಬೇಡ, ಕೊಳೆಯುತ್ತದೆ. ನೈಲಾನ್ ಅಥವಾ ಆಕ್ರಿಲಿಕ್ ನೂಲನ್ನು ಕುಂಡದ ತೂತಿನ ಮೂಲಕ ಕೆಳಗಿನ ನೀರಿನ ಡಬ್ಬಿಗೆ ಇಳಿಬಿಡಿ. ಮಿಶ್ರಣದಲ್ಲಿ ಅರ್ಧದಷ್ಟು ಪರ್ಲೈಟ್ ಇದ್ದರೆ ಮಾತ್ರ ಇದು ಕ್ಷೇಮ. ಜೂನ್ ಕಳೆದ ಮೇಲೆ ಮಾರ್ಚಿನವರೆಗೂ ಇದಕ್ಕಿಂತ ಸುಲಭದ ವಿಧಾನವಿಲ್ಲ. ಕೋಣೆ 32 ಡಿಗ್ರಿ ದಾಟುವ ದಿನಗಳಲ್ಲಿ ಬತ್ತಿಯನ್ನು ನೀರಿನಿಂದ ಮೇಲೆತ್ತಿ, ಕುಂಡವನ್ನು ಕೈಯಲ್ಲಿ ಹಿಡಿದು, ಹಗುರವೆನಿಸಿದಾಗ ಮಾತ್ರ ಇಳಿಬಿಡಿ.

ನೆರಳುಪಡಸಾಲೆ, ಕಲಬುರಗಿ

ಎಲೆ ಕೇಳುವ ಮುನ್ನ ಆ ಹೂವಿನಲ್ಲಿ ನಡುವಿನಿಂದ ಅಂಚಿಗೆ ಪಟ್ಟೆಗಳಿವೆಯೇ ಎಂದು ವಿಚಾರಿಸಿ. ಚಕ್ರದಂತೆ ಪಟ್ಟೆಯಿರುವ ಕೈಮೆರಾ ತಳಿಗಳಲ್ಲಿ ಬೇರೆ ಬೇರೆ ವಂಶದ ಪದರಗಳು ಕೂಡಿರುವುದರಿಂದ ಎಲೆಯಿಂದ ಹುಟ್ಟಿದ ಮರಿಗೆ ಆ ಪಟ್ಟೆ ಬರುವುದಿಲ್ಲ. ಅಂಥವನ್ನು ಬುಡದ ಮರಿಯಿಂದಲೋ ಹೂತೊಟ್ಟಿನಿಂದಲೋ ಬೆಳೆಸಬೇಕು. ಬಂದ ಗಿಡವನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ. ಹಿಟ್ಟುತಿಗಣೆ ಬೇರಿನಲ್ಲೂ ಅಡಗಿರುತ್ತದೆ, ಹೂದಳದ ಮೇಲೆ ಹಳದಿ ಪರಾಗ ಚೆಲ್ಲಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ ಇದೆಯೆಂದು ತಿಳಿಯಿರಿ.

ಕಿಟಕಿತೋಟ, ಕಲಬುರಗಿ

ನನ್ನದು ಪಟ್ಟೆಯಿಲ್ಲದ ಸಾದಾ ಗುಲಾಬಿ, ಕಳುಹಿಸಲು ಅಡ್ಡಿಯಿಲ್ಲ. ಆದರೆ ಈಗ ಅಂಚೆಚೀಲದ ಕಾವಿನಲ್ಲಿ ಎಲೆ ಬೇಯುತ್ತದೆ, ಗಿಡವೂ ಎಲೆ ಕೊಡುವ ಸ್ಥಿತಿಯಲ್ಲಿಲ್ಲ. ಮಳೆ ಹಿಡಿದ ಮೇಲೆ, ಜುಲೈ ಕೊನೆಗೆ ನೆನಪಿಸಿ. ತೊಟ್ಟಿಗೆ ಮಾತ್ರ ಒದ್ದೆ ಹತ್ತಿ ಸುತ್ತಿ, ಎಲೆಯನ್ನು ಒಣಗಿಟ್ಟು, ತೂತು ಮಾಡಿದ ಡಬ್ಬಿಯಲ್ಲಿ ಎರಡು ಎಲೆ ಹಾಕುತ್ತೇನೆ. ಒಂದು ಕೈಕೊಟ್ಟರೂ ಇನ್ನೊಂದು ಬೇರು ಬಿಡಬಹುದು. ನೇರಳೆ ಗಿಡ ಸದ್ಯ ಡಬ್ಬಿಯಲ್ಲಿ, ಒಳಕೋಣೆಯ ನೆಲದ ಮೇಲಿದೆ. ಉಳಿದೆರಡನ್ನು ಕಿಟಕಿಯಿಂದ ಒಳಕ್ಕೆ ಸರಿಸಿದ್ದೇನೆ, ಟ್ಯೂಬ್ ಕಟ್ಟಲು ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ.